ಮನಸ್ಸು ಓಡುತ್ತಿದೆ ಅಂತ ಗೊತ್ತಾಗುತ್ತಿರುವುದು ಯಾರಿಗೆ? ಹೊಸಬರಿಗೆ ವೇದಾಂತದ ದಾರಿಯ ಧ್ಯಾನ

ಧ್ಯಾನ ಶುರು ಮಾಡಿದ ಮೊದಲ ವಾರದಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಮಾತು. ಕಣ್ಣು ಮುಚ್ಚಿದರೆ ಸಾಕು, ಇಡೀ ಸಂತೆಯೇ ತಲೆಯೊಳಗೆ ನೆರೆಯುತ್ತದೆ, ಮನಸ್ಸು ನಿಲ್ಲುವುದೇ ಇಲ್ಲ, ಇದು ನನ್ನ ಕೈಲಾಗುವ ಕೆಲಸ ಅಲ್ಲ. ನಾನೂ ಇದನ್ನೇ ಹೇಳಿ ಎರಡು ಸಲ ಬಿಟ್ಟಿದ್ದೆ. ಮೂರನೇ ಸಲ ಶುರು ಮಾಡಿದಾಗ, ನನಗೆ ವೇದಾಂತ ಹೇಳಿಕೊಡುತ್ತಿದ್ದ ಹಿರಿಯರ ಹತ್ತಿರ ಇದೇ ದೂರು ತೆಗೆದುಕೊಂಡು ಹೋದೆ. ಅವರು ಸಮಾಧಾನ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದರು: "ಮನಸ್ಸು ಓಡ್ತಾ ಇದೆ ಅಂತೀಯಲ್ಲ, ಅದು ಗೊತ್ತಾಗಿದ್ದು ಯಾರಿಗೆ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವತ್ತಿನಿಂದ ಕೂರುವ ರೀತಿಯೇ ಬದಲಾಯಿತು. ಓಡುವುದು ಮನಸ್ಸು. ಅದನ್ನು ತಿಳಿಯುವವನೂ ಅದರ ಜೊತೆಗೇ ಓಡಿಹೋಗಿದ್ದರೆ, ಓಡಿತು ಅಂತ ಹೇಳುವುದಕ್ಕೆ ಯಾರೂ ಉಳಿದಿರುತ್ತಿರಲಿಲ್ಲ, ಅಲ್ವಾ? ಹಾಗಾದರೆ ಓಡದೇ ಉಳಿದದ್ದು ಒಂದಿದೆ. ವೇದಾಂತದ ಧ್ಯಾನಕ್ಕೆ ಬೇಕಾಗಿರುವುದು ಅದರ ಗುರುತು. ಯೋಚನೆಗಳನ್ನು ಹೊಡೆದೋಡಿಸುವ ಕೆಲಸ ಇಲ್ಲಿ ಇಲ್ಲ. ಇದನ್ನು ಮೊದಲೇ ತಿಳಿದುಕೊಂಡು ಕೂತರೆ ಎಷ್ಟೋ ತಿಂಗಳ ಒದ್ದಾಟ ಉಳಿಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೂರುವ ಮುಂಚೆ ಅರ್ಥ ಆಗಬೇಕಾದ್ದು

ದೃಗ್ದೃಶ್ಯವಿವೇಕ ಅಂತ ಒಂದು ಚಿಕ್ಕ ಗ್ರಂಥ ಇದೆ. ಅದರ ಮೊದಲ ಶ್ಲೋಕವೊಂದೇ ಹೊಸಬರಿಗೆ ತಿಂಗಳುಗಟ್ಟಲೆ ಸಾಕಾಗುವಷ್ಟು ಪಾಠ. ಅದು ಹೇಳುವುದು ಇಷ್ಟು: ಎದುರಿಗಿರುವ ರೂಪವನ್ನು ಕಣ್ಣು ನೋಡುತ್ತದೆ. ಆ ಕಣ್ಣನ್ನು ಮನಸ್ಸು ನೋಡುತ್ತದೆ. ಮನಸ್ಸಿನ ಏರಿಳಿತವನ್ನು ಸಾಕ್ಷಿ ನೋಡುತ್ತದೆ. ಸಾಕ್ಷಿಯನ್ನು ನೋಡುವ ಇನ್ನೊಂದು ಇಲ್ಲ.

ಇದನ್ನು ನಂಬಬೇಕಾಗಿಲ್ಲ, ಈಗಲೇ ಪರೀಕ್ಷೆ ಮಾಡಬಹುದು. ಈ ಅಕ್ಷರಗಳು ಕಾಣುತ್ತಿವೆ. ಅಕ್ಷರ ನೀವಲ್ಲ. ಕಣ್ಣು ಮಂಜಾಗಿದೆಯೋ ಚೆನ್ನಾಗಿ ಕಾಣುತ್ತಿದೆಯೋ ಅನ್ನುವುದೂ ನಿಮಗೆ ಗೊತ್ತಾಗುತ್ತಿದೆ, ಅಂದರೆ ಕಣ್ಣೂ ನಿಮಗೆ ತಿಳಿಯುವ ವಸ್ತುಗಳಲ್ಲಿ ಒಂದಾಯಿತು. ಓದುತ್ತಾ ಓದುತ್ತಾ ಮನಸ್ಸಿಗೆ ಬೇಜಾರಾಗಿದೆಯೋ, ಕುತೂಹಲ ಹುಟ್ಟಿದೆಯೋ, ಅದೂ ಗೊತ್ತು. ಹಾಗಾದರೆ ಮನಸ್ಸೂ ಆ ಕಡೆಗೇ ಹೋಯಿತು. ಯಾವುದು ನಿಮಗೆ ಕಾಣುತ್ತದೋ ಅದು ನೀವಲ್ಲ. ಈ ಒಂದು ನಿಯಮ ಹಿಡಿದುಕೊಂಡು ಹೊರಗಿನಿಂದ ಒಳಕ್ಕೆ ಒಂದೊಂದನ್ನೇ ಬಿಡುತ್ತಾ ಬಂದರೆ, ಬಿಡುವುದಕ್ಕೆ ಆಗದ್ದು ಒಂದು ಉಳಿಯುತ್ತದೆ. ಅದು ತಿಳಿಯುವ ಬೆಳಕು. ಅದನ್ನೇ ಸಾಕ್ಷಿ ಅನ್ನುತ್ತಾರೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ವೇದಾಂತ ಅಂದರೆ ಒಂದೇ ಮತ ಅಲ್ಲ. ಶಂಕರರ ಅದ್ವೈತ, ರಾಮಾನುಜರ ವಿಶಿಷ್ಟಾದ್ವೈತ, ಮಧ್ವರ ದ್ವೈತ, ಎಲ್ಲವೂ ವೇದಾಂತವೇ. ರಾಮಾನುಜರಲ್ಲೂ ಮಧ್ವರಲ್ಲೂ ಧ್ಯಾನ ಅಂದರೆ ಭಗವಂತನ ಪ್ರೀತಿ ತುಂಬಿದ ನೆನಪು. ನಾನು ಕಲಿತದ್ದು ಅದ್ವೈತದ ದಾರಿ, ಹಾಗಾಗಿ ಬರೆಯುವುದೂ ಅದನ್ನೇ. ಕೂರುವುದು, ಜಪ, ಮನಸ್ಸನ್ನು ವಾಪಸ್ಸು ತರುವುದು ಇವೆಲ್ಲ ಮೂರೂ ದಾರಿಯವರಿಗೆ ಉಪಯೋಗಕ್ಕೆ ಬರುತ್ತವೆ. ಸಾಕ್ಷಿಯ ವಿಚಾರ ಬಂದಾಗ ನಿಮ್ಮ ಸಂಪ್ರದಾಯದ ಗುರುಗಳು ಹೇಳಿದ್ದನ್ನೇ ಇಟ್ಟುಕೊಳ್ಳಿ.

ಇನ್ನು ಧ್ಯಾನದ ಜಾಗ ಎಲ್ಲಿ ಅಂತ ನೋಡೋಣ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಹೆಂಡತಿ ಮೈತ್ರೇಯಿಗೆ ಹೇಳುತ್ತಾರೆ, ಆತ್ಮನ ವಿಚಾರವನ್ನು ಕೇಳಬೇಕು, ಯೋಚಿಸಬೇಕು, ಅದರಲ್ಲೇ ನೆಲೆಸಬೇಕು ಅಂತ. ಶ್ರವಣ, ಮನನ, ನಿದಿಧ್ಯಾಸನ. ಕಣ್ಣು ಮುಚ್ಚಿ ಕೂರುವುದು ಮೂರನೆಯದಕ್ಕೆ ಸೇರಿದ್ದು. ಮೊದಲೆರಡನ್ನು ಬಿಟ್ಟು ಬರೀ ಮೂರನೆಯದಕ್ಕೆ ಹಾರಿದರೆ ಮನಸ್ಸಿಗೆ ವಿಶ್ರಾಂತಿ ಸಿಗಬಹುದು, ಅದೂ ಒಳ್ಳೆಯದೇ. ಆದರೆ ನೆಲೆಸುವುದು ಎಲ್ಲಿ ಅಂತಲೇ ಗೊತ್ತಿರುವುದಿಲ್ಲ.

ಹತ್ತನೆಯವನ ಕಥೆ ಕೇಳಿರುತ್ತೀರಿ. ಹತ್ತು ಜನ ಹೊಳೆ ದಾಟುತ್ತಾರೆ. ಎಲ್ಲರೂ ಬಂದೆವಾ ಅಂತ ಒಬ್ಬ ಎಣಿಸುತ್ತಾನೆ, ಒಂಬತ್ತೇ ಜನ. ಇನ್ನೊಬ್ಬ ಎಣಿಸಿದರೂ ಒಂಬತ್ತೇ. ಒಬ್ಬ ಮುಳುಗಿಹೋದ ಅಂತ ಎಲ್ಲರೂ ಕೂತು ಅಳುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದವನು ಬಂದು, ಎಣಿಸುತ್ತಿದ್ದವನ ಕಡೆಗೇ ಬೆರಳು ತೋರಿಸಿ "ಹತ್ತನೆಯವನು ನೀನೇ" ಅನ್ನುತ್ತಾನೆ. ಎಣಿಸಿದವನು ತನ್ನನ್ನೇ ಬಿಟ್ಟು ಎಣಿಸಿದ್ದ. ಅವನು ಎಷ್ಟು ದಿನ ಕಣ್ಣು ಮುಚ್ಚಿ ಕೂತಿದ್ದರೂ ಹತ್ತನೆಯವನು ಸಿಗುತ್ತಿರಲಿಲ್ಲ. ಬೇಕಾಗಿದ್ದದ್ದು ಆ ಒಂದು ಮಾತು. ವೇದಾಂತದಲ್ಲಿ ಗುರುವಿಗೂ ಉಪನಿಷತ್ತಿಗೂ ಇಷ್ಟು ಬೆಲೆ ಇರುವುದು ಇದಕ್ಕೇ.

ಹಾಗಾದರೆ ಕೂರುವುದು ಯಾಕೆ, ಕೇಳಿದರೆ ಸಾಕಲ್ಲ ಅಂತ ನೀವು ಕೇಳಬಹುದು. ಕೇಳಿದ ಮಾತು ಮನಸ್ಸಿನಲ್ಲಿ ನಿಲ್ಲಬೇಕಲ್ಲ. "ನಾನು ಸಾಕ್ಷಿ" ಅಂತ ಬೆಳಿಗ್ಗೆ ಓದಿರುತ್ತೇವೆ, ಹತ್ತು ಗಂಟೆಗೆ ಯಾರೋ ಒಂದು ಒರಟು ಮಾತಾಡಿದರೆ ಸಾಕ್ಷಿಯೂ ಇಲ್ಲ, ಏನೂ ಇಲ್ಲ, ಬರೀ ಉರಿ. ಹುಟ್ಟಿದಾಗಿನಿಂದ ಈ ದೇಹ ನಾನು, ಈ ಚಿಂತೆ ನಾನು ಅಂತ ಅಭ್ಯಾಸ ಆಗಿಹೋಗಿದೆ. ಆ ಹಳೇ ಅಭ್ಯಾಸ ಸವೆಯುವುದಕ್ಕೆ ಹೊಸ ಅಭ್ಯಾಸ ಬೇಕು. ಆಮೇಲೆ, ಅಲುಗಾಡುವ ನೀರಿನಲ್ಲಿ ಮುಖ ಕಾಣುವುದಿಲ್ಲ. ಮನಸ್ಸು ಒಂದಿಷ್ಟು ತಿಳಿಯಾದರೇನೇ ಕೇಳಿದ್ದು ಒಳಗೆ ಇಳಿಯುವುದು. ಹೊಸಬರ ಪಾಲಿಗೆ ಧ್ಯಾನ ಅಂದರೆ ಜಾಸ್ತಿ ಪಾಲು ಇದೇ, ಮನಸ್ಸನ್ನು ತಿಳಿಯಾಗಿಸುವ ಕೆಲಸ. ಇದಕ್ಕೆ ಉಪಾಸನೆ ಅಂತ ಹೆಸರು.

ಎಲ್ಲಿ, ಯಾವಾಗ, ಹೇಗೆ ಕೂರುವುದು

ಇದರ ಬಗ್ಗೆ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಯಾವ ದಿಕ್ಕು, ಯಾವ ಚಾಪೆ, ಬೆರಳು ಹೇಗೆ ಮಡಚಬೇಕು. ವೇದಾಂತದ ಮೂಲಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದ ನಾಲ್ಕನೇ ಅಧ್ಯಾಯದಲ್ಲಿ ಇದಕ್ಕೆ ನೇರವಾದ ಉತ್ತರ ಇದೆ: ಮನಸ್ಸು ಎಲ್ಲಿ ಒಂದಾಗುತ್ತದೋ ಅಲ್ಲಿ ಕೂರು, ಬೇರೆ ವಿಶೇಷ ನಿಯಮ ಇಲ್ಲ. ಅದೇ ಅಧ್ಯಾಯ ಕೂತೇ ಮಾಡು ಅಂತಲೂ ಹೇಳುತ್ತದೆ. ಮಲಗಿದರೆ ನಿದ್ದೆ ಎಳೆಯುತ್ತದೆ, ನಿಂತರೆ ದೇಹವನ್ನು ಹಿಡಿದು ನಿಲ್ಲಿಸುವುದರಲ್ಲೇ ಮನಸ್ಸು ತೊಡಗುತ್ತದೆ. ಕಾರಣ ಅಷ್ಟೇ ಸರಳ.

ಗೀತೆಯ ಆರನೇ ಅಧ್ಯಾಯ ಪೂರ್ತಿ ಧ್ಯಾನದ್ದೇ, 47 ಶ್ಲೋಕ. ಅದರಲ್ಲಿ ಕೂರುವ ಬಗ್ಗೆ ಇರುವುದು ಸ್ವಲ್ಪವೇ. ಜಾಗ ಶುಚಿಯಾಗಿರಲಿ, ಆಸನ ತೀರಾ ಎತ್ತರವೂ ಬೇಡ ತೀರಾ ತಗ್ಗೂ ಬೇಡ, ದೇಹ ತಲೆ ಕತ್ತು ಒಂದೇ ನೇರಕ್ಕೆ ಇರಲಿ. ನೆಲದ ಮೇಲೆ ಕೂರಲು ಮಂಡಿ ಬಿಡದಿದ್ದರೆ ಕುರ್ಚಿ ಆಗುತ್ತದೆ, ಏನೂ ಕಮ್ಮಿ ಆಗುವುದಿಲ್ಲ. ಪಾದ ಎರಡೂ ನೆಲಕ್ಕೆ ತಾಗಲಿ, ಬೆನ್ನು ಸಾಧ್ಯವಾದಷ್ಟು ತಾನಾಗಿ ನಿಲ್ಲಲಿ. ನೆಲದ ಮೇಲೆ ಕೂರುವವರು ಕುಂಡಿಯ ಕೆಳಗೆ ಒಂದು ಮಡಚಿದ ಕಂಬಳಿ ಹಾಕಿಕೊಂಡರೆ ಬೆನ್ನು ಕುಸಿಯುವುದಿಲ್ಲ.

ಮೂಗಿನ ತುದಿ ನೋಡಬೇಕು ಅಂತ ಗೀತೆಯಲ್ಲಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಹಾಗೆ ಮಾಡಿ ತಲೆನೋವು ತಂದುಕೊಂಡವರೂ ಇದ್ದಾರೆ. ಶಂಕರರು ಅಲ್ಲಿ ಭಾಷ್ಯದಲ್ಲಿ ಬಿಡಿಸಿಯೇ ಹೇಳಿದ್ದಾರೆ: ನೋಡು ಅಂದರೆ ನೋಡುವ ಹಾಗೆ ಇರು, ಕಣ್ಣು ಅಲೆಯದಿರಲಿ ಅಂತ ಅಷ್ಟೇ, ನಿಜವಾಗಿ ಮೂಗನ್ನೇ ನೋಡುತ್ತಾ ಕೂತರೆ ಮನಸ್ಸು ಮೂಗಿನಲ್ಲೇ ಉಳಿದುಬಿಡುತ್ತದೆ, ಆತ್ಮನಲ್ಲಿ ಅಲ್ಲ. ನೀವು ಕಣ್ಣು ಮೆಲ್ಲಗೆ ಮುಚ್ಚಿಕೊಳ್ಳಿ. ಸಾಕು.

ಹೊತ್ತು ದಿನವೂ ಒಂದೇ ಆಗಿದ್ದರೆ ಒಳ್ಳೆಯದು. ಬೆಳಿಗ್ಗೆ ಎದ್ದು ಮುಖ ತೊಳೆದು, ಫೋನ್ ಮುಟ್ಟುವ ಮುಂಚೆ. ಇದು ಬಹಳ ಮುಖ್ಯ. ಒಂದು ಸಲ ಫೋನ್ ನೋಡಿದಿರಿ ಅಂದರೆ ಹತ್ತು ಜನರ ಮಾತು ಒಳಗೆ ಬಂದಾಯಿತು, ಆಮೇಲೆ ಕೂತರೆ ಅವರ ಜೊತೆಗೇ ಕೂತ ಹಾಗೆ. ಹೊಟ್ಟೆ ತುಂಬಾ ಉಂಡು ಕೂರಬೇಡಿ. ಶುರುವಿಗೆ 10 ನಿಮಿಷ ಸಾಕು. ಎರಡು ಮೂರು ವಾರ ದಿನವೂ ತಪ್ಪದೆ ನಡೆದ ಮೇಲೆ 15, ಆಮೇಲೆ 20. ಮೊದಲ ದಿನವೇ ಒಂದು ಗಂಟೆ ಕೂತು ಮೂರನೇ ದಿನ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಅಲಾರಂ ಇಟ್ಟುಕೊಳ್ಳಿ, ಮೆತ್ತನೆಯ ಸದ್ದಿನದು, ಕೈಗೆ ಸಿಗದಷ್ಟು ದೂರ.

ಕೂತ ಮೇಲೆ

ಮೊದಲ ಒಂದೆರಡು ನಿಮಿಷ ದೇಹಕ್ಕೆ. ಹುಬ್ಬು ಗಂಟಿಕ್ಕಿದ್ದರೆ ಸಡಿಲ ಬಿಡಿ, ದವಡೆ, ಹೆಗಲು, ಹೊಟ್ಟೆ. ನಾಲ್ಕೈದು ಉಸಿರು ಸ್ವಲ್ಪ ಉದ್ದಕ್ಕೆ ಬಿಡಿ. ಆಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟುಬಿಡಿ.

ಆಮೇಲೆ ಮನಸ್ಸಿನಲ್ಲೇ ಒಂದು ಕೆಲಸ. ದಿನವಿಡೀ ನಾವು ಒಂದಲ್ಲ ಒಂದು ಪಾತ್ರದಲ್ಲಿ ಇರುತ್ತೇವೆ: ಯಾರಿಗೋ ಅಪ್ಪ, ಯಾರಿಗೋ ಮಗಳು, ಯಾರಿಗೋ ಮೇಲಧಿಕಾರಿ, ಯಾರಿಗೋ ಸಾಲಗಾರ. ಈ 10 ನಿಮಿಷ ಇವು ಯಾವುವೂ ಬೇಡ. ಒಂದೊಂದನ್ನೇ ನೆನೆಸಿಕೊಂಡು ಪಕ್ಕಕ್ಕೆ ಇಡಿ. "ಈಗ ನಾನು ಯಾರಿಗೂ ಏನೂ ಅಲ್ಲ, ಸುಮ್ನೆ ಇದ್ದೇನೆ." ಇದು ಮನಸ್ಸಿಗೆ ಸಮಾಧಾನ ತರುವ ತಂತ್ರ ಮಾತ್ರ ಅಲ್ಲ, ನಿಜವೂ ಹೌದು. ಆ ಪಾತ್ರಗಳು ಬರುವ ಮುಂಚೆಯೂ ನೀವು ಇದ್ದಿರಿ, ಅಲ್ವಾ? ಬಹಳ ಜನಕ್ಕೆ ಬರೀ ಇಷ್ಟರಲ್ಲೇ ಎದೆಯ ಮೇಲಿನ ಭಾರ ಇಳಿದ ಹಾಗೆ ಆಗುತ್ತದೆ.

ಈಗ ಜಪ. ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಗೂಟ ಬೇಕು. ಓಂಕಾರ ಆಗಬಹುದು, ನಿಮ್ಮ ಇಷ್ಟದೇವರ ಹೆಸರು ಆಗಬಹುದು, ಗುರುಗಳು ಕೊಟ್ಟ ಮಂತ್ರ ಇದ್ದರೆ ಅದೇ. ಚಿಕ್ಕದಾಗಿರಲಿ, ಒಂದನ್ನೇ ಹಿಡಿಯಿರಿ, ವಾರಕ್ಕೊಂದು ಬದಲಾಯಿಸಬೇಡಿ. ದೇವರ ಹೆಸರು ಹೇಳಲು ಮನಸ್ಸು ಒಪ್ಪದವರು ಉಸಿರನ್ನೇ ಗೂಟ ಮಾಡಿಕೊಳ್ಳಲಿ. ಮೊದಲು ತುಟಿ ಅಲುಗಾಡಿಸಿ ಪಿಸುಮಾತಿನಲ್ಲಿ ಹೇಳಿ, ಆಮೇಲೆ ಬರೀ ಮನಸ್ಸಿನಲ್ಲಿ. ಅವಸರ ಬೇಡ, ಲೆಕ್ಕ ಬೇಡ. ಒಂದು ಸಲ ಹೇಳಿದ್ದು ಮುಗಿದು ಇನ್ನೊಂದು ಸಲ ಹೇಳುವ ಮುಂಚೆ ಒಂದು ಚಿಕ್ಕ ಬಿಡುವು ಇರುತ್ತದೆ, ಅದು ನಿಮ್ಮ ಕಣ್ಣಿಗೆ ಬೀಳಲಿ. ಆ ಬಿಡುವಿನಲ್ಲಿ ಹೆಸರೂ ಇಲ್ಲ, ಯೋಚನೆಯೂ ಇಲ್ಲ. ನೀವು ಮಾತ್ರ ಇದ್ದೀರಿ.

ಮನಸ್ಸು ಹೋಗುತ್ತದೆ. ಖಂಡಿತ ಹೋಗುತ್ತದೆ. ಅರ್ಜುನನಂಥವನೇ ಕೃಷ್ಣನ ಮುಂದೆ, ಈ ಮನಸ್ಸು ಹಿಡಿಯುವುದು ಗಾಳಿ ಹಿಡಿದಷ್ಟು ಕಷ್ಟ ಅಂತ ಹೇಳಿದ. ಕೃಷ್ಣ ಅದನ್ನು ಅಲ್ಲಗಳೆಯಲಿಲ್ಲ. ಕಷ್ಟವೇ, ಆದರೆ ಅಭ್ಯಾಸದಿಂದ, ವೈರಾಗ್ಯದಿಂದ ಆಗುತ್ತದೆ ಅಂದ. ಅದಕ್ಕೂ ಮುಂಚೆ ಅವನು ಹೇಳಿದ ಮಾತು ನನಗೆ ತುಂಬಾ ಇಷ್ಟ: ಮೆಲ್ಲ ಮೆಲ್ಲನೆ. ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಕರೆದುಕೊಂಡು ಬಾ. ಒಂದು ಸಲ ಹೋಗದ ಹಾಗೆ ಕಟ್ಟಿಹಾಕು ಅಂತ ಎಲ್ಲೂ ಹೇಳಿಲ್ಲ. ಹಾಗಾಗಿ ಮನಸ್ಸು ಹೋಗಿತ್ತು ಅಂತ ಗೊತ್ತಾದ ಕ್ಷಣ ನಿಮ್ಮ ಮೇಲೆ ನೀವೇ ರೇಗಬೇಡಿ. ಆ ಕ್ಷಣವೇ ಧ್ಯಾನ ನಡೆದದ್ದು. ಗೂಟ ಇದ್ದದ್ದರಿಂದ ತಾನೇ ಹೋದದ್ದು ಗೊತ್ತಾಯಿತು? ವಾಪಸ್ಸು ಬನ್ನಿ, ಹೆಸರು ಹೇಳಿ. 10 ನಿಮಿಷದಲ್ಲಿ ಐವತ್ತು ಸಲ ಬಂದರೂ ಆ 10 ನಿಮಿಷ ಚೆನ್ನಾಗಿಯೇ ನಡೆದಿದೆ.

ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎಣ್ಣೆ ಸುರಿದರೆ ಧಾರೆ ಕಡಿಯದೆ ಹೇಗೆ ಬೀಳುತ್ತದೋ ಹಾಗೆ ಒಂದೇ ಎಳೆಯಾಗಿ ಮನಸ್ಸು ಹರಿಯುವುದು ಅಂತ ಶಂಕರರು ಗೀತಾಭಾಷ್ಯದಲ್ಲಿ ಉಪಾಸನೆಯನ್ನು ವಿವರಿಸುತ್ತಾರೆ. ನಮ್ಮದು ಈಗ ಹನಿ ಹನಿ. ಹನಿಗಳು ಹತ್ತಿರ ಹತ್ತಿರ ಬಂದರೆ ಧಾರೆ ಆಗುತ್ತದೆ.

ಕೊನೆಯ ಮೂರು ನಿಮಿಷ

ಜಪ ಬಿಡಿ. ಏನೂ ಮಾಡದೆ ಕೂತಿರಿ. ಇದು ಈ ಬರಹದ ಜೀವ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಹೊರಗೆ ಒಂದು ಸದ್ದು ಕೇಳುತ್ತದೆ. ಗೊತ್ತಾಗುತ್ತಿದೆ. ಕಾಲು ಜೋಮು ಹಿಡಿದಿದೆ. ಅದೂ ಗೊತ್ತಾಗುತ್ತಿದೆ. ನಾಳೆಯ ಒಂದು ಚಿಂತೆ ಬಂತು, ಅದೂ. ಚಿಂತೆ ಹೋಗಿ ಖಾಲಿ ಖಾಲಿ ಅನ್ನಿಸಿತು, ಆ ಖಾಲಿಯೂ ಗೊತ್ತಾಗುತ್ತಿದೆ. ಸದ್ದು ಬೇರೆ, ನೋವು ಬೇರೆ, ಚಿಂತೆ ಬೇರೆ, ಆದರೆ ಗೊತ್ತಾಗುವುದು ಮಾತ್ರ ಎಲ್ಲದರಲ್ಲೂ ಒಂದೇ. ನೋವು ಗೊತ್ತಾಗುವಾಗ ಆ ಗೊತ್ತಾಗುವಿಕೆಗೆ ನೋವಾಗುವುದಿಲ್ಲ. ಸದ್ದು ಜೋರಾದರೆ ಅದು ಜೋರಾಗುವುದಿಲ್ಲ. ಇದನ್ನು ಬಾಯಿಪಾಠ ಮಾಡಬೇಡಿ, ಆಗ ಆಗಲೇ ನೋಡಿ.

ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಸಾಕ್ಷಿಯನ್ನು ಹುಡುಕಲು ಹೋಗುತ್ತಾರೆ. ತಲೆಯ ಹಿಂದುಗಡೆ ಎಲ್ಲೋ ಒಬ್ಬ ಕೂತು ನೋಡುತ್ತಿದ್ದಾನೆ ಅಂತ ಕಲ್ಪನೆ ಮಾಡಿಕೊಂಡು, ಅವನಾಗಿ ಇರಲು ಪ್ರಯತ್ನ ಪಡುತ್ತಾರೆ, ಸುಸ್ತಾಗುತ್ತಾರೆ. ಆ ನೋಡುವವನ ಚಿತ್ರ ಇದೆಯಲ್ಲ, ಅದೂ ಮನಸ್ಸಿನ ಒಂದು ಯೋಚನೆಯೇ, ಅದೂ ನಿಮಗೆ ಕಾಣುತ್ತಿದೆ. ಮೊದಲು ಹೇಳಿದ ನಿಯಮ ನೆನಪಿಸಿಕೊಳ್ಳಿ: ಕಾಣುವುದು ಯಾವುದೂ ನೀವಲ್ಲ. ಸಾಕ್ಷಿಯಾಗಿರುವುದು ಒಂದು ಕೆಲಸವೂ ಅಲ್ಲ. ಗಮನ ಇಟ್ಟು ನೋಡುವುದು ಮನಸ್ಸಿನ ಕೆಲಸ, ಅದು ದಣಿಯುತ್ತದೆ. ಆ ದಣಿವು ಯಾವ ಬೆಳಕಿನಲ್ಲಿ ಗೊತ್ತಾಯಿತೋ ಆ ಬೆಳಕಿಗೆ ದಣಿವಿಲ್ಲ.

14ನೇ ಶತಮಾನದ ವಿದ್ಯಾರಣ್ಯರು ಪಂಚದಶಿ ಅನ್ನುವ ಅದ್ವೈತ ಗ್ರಂಥದ ಹತ್ತನೇ ಪ್ರಕರಣದಲ್ಲಿ ಇದಕ್ಕೆ ಕೊಟ್ಟ ಹೋಲಿಕೆಗಿಂತ ಚೆನ್ನಾದದ್ದು ನನಗೆ ಸಿಕ್ಕಿಲ್ಲ. ನಾಟ್ಯಶಾಲೆಯಲ್ಲಿ ಒಂದು ದೀಪ ಇದೆ. ಯಜಮಾನ ಕೂತಿದ್ದಾನೆ, ಸಭಿಕರಿದ್ದಾರೆ, ನರ್ತಕಿ ಕುಣಿಯುತ್ತಿದ್ದಾಳೆ. ದೀಪ ಎಲ್ಲರನ್ನೂ ಒಂದೇ ಸಮನೆ ಬೆಳಗುತ್ತದೆ, ಯಾರ ಹಿಂದೆಯೂ ಹೋಗುವುದಿಲ್ಲ. ಎಲ್ಲರೂ ಎದ್ದು ಹೋದ ಮೇಲೂ ಉರಿಯುತ್ತಲೇ ಇರುತ್ತದೆ. ನಾನು ನಾನು ಅನ್ನುವ ಅಹಂಕಾರವೇ ಆ ಯಜಮಾನ, ನಾವು ಅನುಭವಿಸುವ ವಿಷಯಗಳೇ ಸಭಿಕರು, ಬುದ್ಧಿಯೇ ನರ್ತಕಿ. ದೀಪ ಸಾಕ್ಷಿ. ನರ್ತಕಿ ಚೆನ್ನಾಗಿ ಕುಣಿದರೂ, ತಾಳ ತಪ್ಪಿದರೂ, ಕುಣಿತ ನಿಲ್ಲಿಸಿದರೂ ದೀಪಕ್ಕೆ ಆಗಬೇಕಾದ್ದು ಏನೂ ಇಲ್ಲ. ನಾನು ಎರಡು ವರ್ಷ ನರ್ತಕಿಯನ್ನು ನಿಲ್ಲಿಸಲು ಹೋರಾಡಿದ್ದೆ. ನಿಂತರೂ ಒಂದೇ, ಕುಣಿದರೂ ಒಂದೇ ಅಂತ ಗೊತ್ತಾದ ದಿನ ಅವಳು ತಾನಾಗಿಯೇ ಸ್ವಲ್ಪ ನಿಧಾನವಾದಳು.

ಯೋಚನೆ ತೀರಾ ಬಲವಾಗಿ ಎಳೆದರೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ಯಾರಿಗೆ ಬಂತು? ರಮಣ ಮಹರ್ಷಿಗಳು (1879–1950) ಈ ಪ್ರಶ್ನೆಯನ್ನೇ ಸಾಧನೆಯ ತಿರುಳಾಗಿ ಕೊಟ್ಟರು. ನನಗೆ ಬಂತು ಅನ್ನಿಸುತ್ತದೆ. ಆ ನಾನು ಯಾರು? ಮಾತಿನಲ್ಲಿ ಉತ್ತರ ಕೊಡಬೇಡಿ. ಬ್ರಹ್ಮ, ಚೈತನ್ಯ ಅಂತ ಓದಿದ ಉತ್ತರ ತಂದಿಟ್ಟರೆ ಅದೂ ಇನ್ನೊಂದು ಯೋಚನೆ ಆಯಿತು. ಪ್ರಶ್ನೆ ಗಮನವನ್ನು ಯೋಚನೆಯಿಂದ ಬಿಡಿಸಿ ಹಿಂದಕ್ಕೆ ತಿರುಗಿಸುತ್ತದೆ, ಆ ತಿರುವು ಸಾಕು.

ಅಡ್ಡಿಗಳು ನಾಲ್ಕು

ಮಾಂಡೂಕ್ಯ ಉಪನಿಷತ್ತಿಗೆ ಅದ್ವೈತದ ಹಿರಿಯ ಆಚಾರ್ಯರಾದ ಗೌಡಪಾದರು ಬರೆದ ಕಾರಿಕೆಗಳಲ್ಲಿ, ಅಂದರೆ ವಿವರಣೆಯ ಶ್ಲೋಕಗಳಲ್ಲಿ, ಧ್ಯಾನದಲ್ಲಿ ಎದುರಾಗುವುದನ್ನೆಲ್ಲ ಒಂದೆರಡು ಶ್ಲೋಕದಲ್ಲಿ ಹೇಳಿ ಮುಗಿಸಿದ್ದಾರೆ. ಕೂತು ನೋಡಿದವರೇ ಬರೆದದ್ದು ಅಂತ ಓದಿದರೇ ಗೊತ್ತಾಗುತ್ತದೆ.

ಒಂದು ಲಯ, ಅಂದರೆ ತೂಕಡಿಕೆ. ಅದಕ್ಕೆ ಅವರು ಹೇಳುವುದು, ಎಬ್ಬಿಸು. ಕಣ್ಣು ತೆರೆಯಿರಿ, ಬೆನ್ನು ನೇರ ಮಾಡಿ, ಬೇಕಾದರೆ ಜಪ ಗಟ್ಟಿಯಾಗಿ ಹೇಳಿ. ದಿನವೂ ತೂಕಡಿಕೆ ಬಂದರೆ ರಾತ್ರಿ ನಿದ್ದೆ ಸಾಲುತ್ತಿಲ್ಲ ಅಂತ ಅರ್ಥ, ಮೊದಲು ನಿದ್ದೆ ಮಾಡಿ. ಎರಡನೆಯದು ವಿಕ್ಷೇಪ, ಅಲೆದಾಟ. ಇದನ್ನು ಆಗಲೇ ಹೇಳಿದೆ, ಮೆಲ್ಲಗೆ ವಾಪಸ್ಸು ತರುವುದು.

ಮೂರನೆಯದು ಕಷಾಯ. ಇದನ್ನು ಹೇಳಿಕೊಡುವವರು ಕಮ್ಮಿ. ನಿದ್ದೆಯೂ ಇಲ್ಲ, ಅಲೆದಾಟವೂ ಇಲ್ಲ, ಆದರೂ ಒಳಗೆ ಏನೋ ಬಿಗಿದ ಹಾಗೆ, ಮಂಕು ಕವಿದ ಹಾಗೆ. ಹಳೆಯ ಆಸೆ, ಹಳೆಯ ನೋವು, ಯಾವತ್ತೋ ನುಂಗಿಕೊಂಡ ಅವಮಾನದ ಕಲೆ ಅದು. ಮನಸ್ಸು ಸ್ವಲ್ಪ ಶಾಂತವಾದಾಗ ತಳದಿಂದ ಮೇಲೆ ಬರುತ್ತದೆ. ನನಗೆ ಒಂದು ಸಲ ತೀರಿಹೋದ ಹತ್ತಿರದವರೊಬ್ಬರ ನೆನಪು ಹೀಗೇ ಬಂದು, ಎರಡು ವಾರ ಕೂತಾಗಲೆಲ್ಲ ಕಣ್ಣೀರು ಬರುತ್ತಿತ್ತು. ಗೌಡಪಾದರು ಇದಕ್ಕೆ ಹೇಳುವ ಮದ್ದು ಒಂದೇ ಶಬ್ದ: ತಿಳಿದುಕೋ. ಇದು ಕಷಾಯ ಅಂತ ಗುರುತಿಸು. ತಳ್ಳಬೇಡ, ಕೆದಕಲೂ ಬೇಡ. ಬರಲಿ, ಬೆಳಕಿಗೆ ಬಿದ್ದು ಸವೆಯಲಿ. ಆದರೆ ಒಂದು ಎಚ್ಚರಿಕೆ. ಕೂತಾಗಲೆಲ್ಲ ಭಯ ಜಾಸ್ತಿಯಾಗುತ್ತಿದ್ದರೆ, ನಿದ್ದೆ ಹಾಳಾಗುತ್ತಿದ್ದರೆ, ಹಳೆಯ ಘಟನೆ ಮತ್ತೆ ಮತ್ತೆ ನುಗ್ಗಿ ಬರುತ್ತಿದ್ದರೆ ಕಣ್ಣು ಮುಚ್ಚಿ ಕೂರುವುದನ್ನು ಸದ್ಯಕ್ಕೆ ನಿಲ್ಲಿಸಿ ವೈದ್ಯರನ್ನು ಕಾಣಿ. ಅದರಲ್ಲಿ ಸೋಲು ಏನೂ ಇಲ್ಲ. ಔಷಧಿ ತೆಗೆದುಕೊಳ್ಳುತ್ತಿರುವವರು ಧ್ಯಾನ ಶುರುವಾಯಿತು ಅಂತ ಔಷಧಿ ಬಿಡಲೇಬಾರದು.

ನಾಲ್ಕನೆಯದು ಸಿಹಿ ಅಡ್ಡಿ, ರಸಾಸ್ವಾದ. ಒಂದು ದಿನ ಅದೆಂಥದೋ ಶಾಂತಿ ಬರುತ್ತದೆ, ಹೇಳಲಾರದ ಸುಖ. ಅದಕ್ಕೆ ಅಂಟಿಕೊಳ್ಳಬೇಡ ಅನ್ನುತ್ತಾರೆ ಗೌಡಪಾದರು. ನನಗೆ ಅಂಥದ್ದು ಒಂದು ಬೆಳಿಗ್ಗೆ ಆಯಿತು. ಆಮೇಲೆ ಮೂರು ತಿಂಗಳು ಬರೀ ಅದನ್ನೇ ಹುಡುಕಿದೆ, ಬರದ ದಿನ ಬೇಜಾರು ಮಾಡಿಕೊಂಡೆ. ಬಂದದ್ದು ಹೋಗಿಯೇ ಹೋಗುತ್ತದೆ, ಹೋಗುವುದು ಸಾಕ್ಷಿ ಅಲ್ಲ. ಬಣ್ಣ, ಬೆಳಕು, ದೇವರ ರೂಪ ಕಂಡರೂ ಅಷ್ಟೇ: ಕಂಡದ್ದು ದೃಶ್ಯ. ಕೈಮುಗಿದು ಮುಂದೆ ಹೋಗಿ. ಒಂದೇ ಶಿಬಿರದಲ್ಲಿ ಇಂಥ ಅನುಭವ ಕೊಡಿಸುತ್ತೇವೆ ಅಂತ ಹಣ ಕೇಳುವವರ ಹತ್ತಿರ ವೇದಾಂತ ಕಲಿಯಲು ಹೋಗಬೇಡಿ.

ಇಷ್ಟಕ್ಕೆಲ್ಲ ಎಷ್ಟು ತಾಳ್ಮೆ ಬೇಕು ಅಂತ ಗೌಡಪಾದರೇ ಹೇಳಿದ್ದಾರೆ. ದರ್ಭೆಯ ತುದಿಯಿಂದ ಒಂದೊಂದೇ ಹನಿ ತೆಗೆದು ಸಮುದ್ರ ಬರಿದುಮಾಡುವವನ ಹಾಗೆ, ಬೇಸರಪಡದೆ.

ಉಳಿದ 23 ಗಂಟೆ 50 ನಿಮಿಷ

ಬೆಳಿಗ್ಗೆ ಕೂರುವುದು ಹೇಗೆ ನಡೆಯುತ್ತದೆ ಅನ್ನುವುದು ಹಿಂದಿನ ದಿನವೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ಸುಳ್ಳು ಹೇಳಿದ್ದರೆ, ಯಾರದೋ ಮನಸ್ಸು ನೋಯಿಸಿದ್ದರೆ, ಕಣ್ಣು ಮುಚ್ಚಿದ ಕೂಡಲೇ ಅದೇ ಎದುರಿಗೆ ಬರುತ್ತದೆ. ಜಾಸ್ತಿ ಉಣ್ಣುವವನಿಗೂ ಇದಿಲ್ಲ, ಉಪವಾಸ ಬೀಳುವವನಿಗೂ ಇದಿಲ್ಲ, ಅತಿಯಾಗಿ ನಿದ್ದೆ ಮಾಡುವವನಿಗೂ ಇಲ್ಲ, ನಿದ್ದೆಗೆಡುವವನಿಗೂ ಇಲ್ಲ ಅಂತ ಗೀತೆ ಹೇಳುವುದು ಸುಮ್ನೆ ಅಲ್ಲ.

ಹಗಲಲ್ಲಿ ಒಂದೇ ಅಭ್ಯಾಸ ಇಟ್ಟುಕೊಳ್ಳಿ. ಕೋಪ ಬಂದಾಗ "ನಾನು ಕೋಪಗೊಂಡಿದ್ದೇನೆ" ಅನ್ನುವ ಬದಲು "ಕೋಪ ಬಂದಿದೆ, ಗೊತ್ತಾಗುತ್ತಿದೆ" ಅಂತ ಒಂದು ಸಲ ಹೇಳಿಕೊಳ್ಳಿ. ಕೋಪ ತಕ್ಷಣ ಹೋಗುವುದಿಲ್ಲ. ನಿಮಗೂ ಅದಕ್ಕೂ ನಡುವೆ ಒಂದು ಕೂದಲೆಳೆಯಷ್ಟು ಜಾಗ ಬರುತ್ತದೆ, ಆಡಬಾರದ ಮಾತು ಆ ಜಾಗದಲ್ಲಿ ನಿಂತುಹೋಗುತ್ತದೆ. ಆದರೆ ಇದನ್ನೇ ತಪ್ಪಾಗಿ ಬಳಸುವುದನ್ನೂ ನೋಡಿದ್ದೇನೆ. ಮನೆಯವರ ಮೇಲೆ ಕೂಗಾಡಿ, ಕ್ಷಮೆ ಕೇಳಬೇಕಾದ ಹೊತ್ತಿಗೆ "ಅದು ಮನಸ್ಸು ಮಾಡಿದ್ದು, ನಾನು ಬರೀ ಸಾಕ್ಷಿ" ಅನ್ನುವುದು. ಅದು ವೇದಾಂತ ಅಲ್ಲ. ಕೂಗಾಡಿದ ಬಾಯಿಂದಲೇ ಕ್ಷಮೆ ಕೇಳಬೇಕು, ಸಾಕ್ಷಿಗೆ ಅದರಿಂದ ಏನೂ ತೊಂದರೆ ಇಲ್ಲ.

ಇನ್ನೊಂದು, ಬೆಳಿಗ್ಗೆ ಎಚ್ಚರ ಆಗುವ ಕ್ಷಣ. ಮಾಂಡೂಕ್ಯ ಬರೀ 12 ಮಂತ್ರದ ಉಪನಿಷತ್ತು, ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಇಟ್ಟುಕೊಂಡು ವಿಚಾರ ಮಾಡುತ್ತದೆ. "ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ" ಅಂತ ಎದ್ದ ಮೇಲೆ ಹೇಳುತ್ತೇವಲ್ಲ, ಆ ಏನೂ ಇಲ್ಲದ್ದು ಯಾರಿಗೆ ಗೊತ್ತಿತ್ತು? ಎಚ್ಚರವಾಗಿ, ಇವತ್ತು ಯಾವ ವಾರ, ಏನು ಕೆಲಸ ಅಂತ ನೆನಪಾಗುವ ಮುಂಚೆ ಒಂದೆರಡು ಕ್ಷಣ ಬರೀ ಇರುವಿಕೆ ಇರುತ್ತದೆ. ಹೆಸರಿಲ್ಲ, ಊರಿಲ್ಲ, ಚಿಂತೆಯಿಲ್ಲ, ಆದರೆ ನೀವು ಇದ್ದೀರಿ. ಅದನ್ನು ಹಿಡಿಯಲು ಹೋಗಬೇಡಿ. ಗಮನಕ್ಕೆ ಬಂದರೆ ಸಾಕು.

ಜೊತೆಗೆ ಓದು, ಕೇಳುವುದು. ವಾರಕ್ಕೆ ಎರಡು ಮೂರು ಗಂಟೆಯಾದರೂ. ತತ್ತ್ವಬೋಧ ಅನ್ನುವ ಚಿಕ್ಕ ಪುಸ್ತಕದಿಂದ ಶುರು ಮಾಡಿದರೆ ಶಬ್ದಗಳ ಪರಿಚಯ ಆಗುತ್ತದೆ, ಆಮೇಲೆ ಗೀತೆಯ ಎರಡನೇ ಮತ್ತು ಆರನೇ ಅಧ್ಯಾಯ. ಒಬ್ಬರೇ ಓದುವುದಕ್ಕಿಂತ ಕ್ರಮವಾಗಿ ಪಾಠ ಹೇಳುವವರ ಹತ್ತಿರ ಕೇಳುವುದು ಮೇಲು, ನಮ್ಮ ತಪ್ಪು ತಿಳುವಳಿಕೆ ನಮಗೇ ಕಾಣುವುದಿಲ್ಲ. ಹತ್ತನೆಯವನನ್ನು ನೆನೆಸಿಕೊಳ್ಳಿ.

ಕೆಲವು ದಿನ ತಪ್ಪುತ್ತದೆ. ಜ್ವರ, ಪ್ರಯಾಣ, ಮನೆಯಲ್ಲಿ ಏನಾದರೂ. ನಾಲ್ಕು ದಿನ ತಪ್ಪಿತು ಅಂತ ಐದನೇ ದಿನ ಒಂದು ಗಂಟೆ ಕೂತು ಸಾಲ ತೀರಿಸಲು ಹೋಗಬೇಡಿ. 5 ನಿಮಿಷ ಕೂರಿ.

ಏಳುವಾಗ

ಅಲಾರಂ ಹೊಡೆದ ಕೂಡಲೇ ಏಳಬೇಡಿ. ಕಣ್ಣು ಮುಚ್ಚಿಯೇ ಇರಲಿ, ಕೋಣೆಯ ಸದ್ದು ಕೇಳಿಸಿಕೊಳ್ಳಿ, ಕೈಬೆರಳು ಆಡಿಸಿ. ಆಮೇಲೆ ಮೆಲ್ಲಗೆ ಕಣ್ಣು ತೆರೆಯಿರಿ. ಎದುರಿಗೆ ಗೋಡೆಯೋ ಕಿಟಕಿಯೋ ಕಾಣುತ್ತದೆ. ಒಂದು ಅರ್ಧ ನಿಮಿಷ ಅದನ್ನೇ ನೋಡುತ್ತಾ ಕೂತು ಇದೊಂದನ್ನು ಗಮನಿಸಿ: ಕಣ್ಣು ಮುಚ್ಚಿದ್ದಾಗ ಕತ್ತಲೆ ಗೊತ್ತಾಗುತ್ತಿತ್ತು, ಈಗ ಗೋಡೆ ಗೊತ್ತಾಗುತ್ತಿದೆ, ಗೊತ್ತಾಗುವುದರಲ್ಲಿ ಏನಾದರೂ ಬದಲಾಯಿತೇ? ಕಾಲು ಜೋಮು ಹಿಡಿದಿದ್ದರೆ ಉಜ್ಜಿಕೊಂಡು, ಗೋಡೆ ಹಿಡಿದು ಏಳಿ. ಫೋನ್ ಇನ್ನೂ ಒಂದು ಐದು ನಿಮಿಷ ಅಲ್ಲೇ ಇರಲಿ.